ಎಡಭುಜದ ಹೂ

ಪೂಜಾರಿ ಮರುಳಸಿದ್ದಯ್ಯ ವೀರಭದ್ರನ ಎಡಭುಜಕ್ಕೆ ಕೆಂಪು ಕಣಗಿಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಬಲಭುಜದ ಹೂವಿಗೆ ಬರೀ ನೀರು; ಇದರ ಬೆನ್ನಿಗೆ ಮಾತ್ರ ಕಡಲೆಕಾಳಿನಷ್ಟು ಜೇನುಮೇಣ. ನೀರು ಆರಿ ಬಲದ ಹೂ ಮೊದಲು ಬಿದ್ದರೆ ದೇವರು ಒಪ್ಪಿದಂತೆ, ಎಡದ್ದು ಬಿದ್ದರೆ ಸಂಬಂಧ ಮುರಿದಂತೆ. ಮಿಡಿಗೇಶಿಯ ಸುತ್ತ ಅದಕ್ಕೆ ಎದುರು ಮಾತಿರಲಿಲ್ಲ.

ಮಗಳು ಕಮಲಾಕ್ಷಿಗೆ ಬಂದ ಎರಡು ಸಂಬಂಧಗಳು ಹಾಗೆಯೇ ಮುರಿದಿದ್ದವು. ಇಪ್ಪತ್ನಾಲ್ಕು ದಾಟಿದ ಹುಡುಗಿಗೆ ಇದೂ ತಪ್ಪಿದರೆ ಮತ್ತಾರೂ ಬರುವಂತಿರಲಿಲ್ಲ. ಹೊರಗೆ ಮಂಟಪದಲ್ಲಿ ವರನ ತಂದೆ, ಮಧುಗಿರಿಯ ಜವಳಿ ವ್ಯಾಪಾರಿ ಚನ್ನಮಲ್ಲಯ್ಯ, ನೆಂಟರೊಡನೆ ಕುಳಿತಿದ್ದ.

ಹೋದ ವರ್ಷ ಗುಡಿಯ ಅಂಗಳ ಗುಡಿಸುವ ಚಿಕ್ಕಹನುಮಕ್ಕ, ಮಗನ ಮದುವೆಗೆ ಇನ್ನೊಮ್ಮೆ ಹೂವಿಡಿರೆಂದು ಕಾಲು ಹಿಡಿದು ಅತ್ತಾಗ, ದೇವರ ಮಾತನ್ನು ನಂಬದವಳು ಗುಡಿಗೇಕೆ ಬಂದೆಯೆಂದು ಗದರಿ ಕಳುಹಿಸಿದ್ದವನು ಇದೇ ಮರುಳಸಿದ್ದಯ್ಯ. ಪರರ ಮಕ್ಕಳ ವಿಷಯದಲ್ಲಿ ಅಷ್ಟು ಬಿಗಿಯಾಗಿದ್ದ ಭಕ್ತಿ, ತನ್ನ ಮಗಳ ಸರದಿ ಬಂದಾಗ ಒಂದು ಚೂರು ಮೇಣಕ್ಕೆ ಶರಣಾಗಿತ್ತು.

ಆರತಿ ತಟ್ಟೆ ತಂದ ಕಮಲಾಕ್ಷಿ ಗರ್ಭಗುಡಿಯ ಹೊಸ್ತಿಲಲ್ಲೇ ನಿಂತಳು. ಊರವರ ರವಿಕೆ ಹೊಲಿಯುವ ಅವಳು, ದಾರಕ್ಕೆ ಸವರಲು ಡಬ್ಬಿಯಲ್ಲಿ ಮೇಣವಿಡುತ್ತಿದ್ದಳು.

"ಅಪ್ಪಯ್ಯ, ಡಬ್ಬಿಲಿ ಮೇಣ ಇಲ್ಲ," ಎಂದಳು ತಗ್ಗಿದ ದನಿಯಲ್ಲಿ. ಅವಳ ಕಣ್ಣು ಎಡಭುಜದ ಮೇಲಿತ್ತು.

"ನಿನ್ನ ಒಳ್ಳೇದಕ್ಕೇ ಕಣಮ್ಮ. ಸುಮ್ಕಿರು."

"ದೇವ್ರು ಬ್ಯಾಡ ಅನ್ನೋದಿದ್ರೆ ಅನ್ಲಿ ಬುಡಿ. ಅವನ ಬಾಯಿಗೆ ಮೇಣ ಮೆತ್ತಿ ನನ್ನ ಕಳಿಸಿದ್ರೆ, ಆ ಮನೇಲಿ ಯಾರ ಹೆಸರು ಹೇಳ್ಕಂಡು ದೀಪ ಹಚ್ಲಿ?"

ಮಂಟಪದಿಂದ ನೆಂಟನೊಬ್ಬ ಕೂಗಿದ. "ಅಯ್ಯನೋರೆ, ಹನ್ನೊಂದರ ಬಸ್ಸು ತಪ್ಪಿದ್ರೆ ನಿಮ್ಮನೇಲೇ ಬೀಡು ಬಿಡ್ತೀವಿ." ನಗು ಎದ್ದಿತು. ಬಲದ ಹೂವಿನ ಒಂದು ಎಸಳು ಆಗಲೇ ಕಲ್ಲು ಬಿಟ್ಟು ಮೇಲೆದ್ದಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಎಲ್ಲವೂ ಮುಗಿಯುತ್ತಿತ್ತು.

ಮರುಳಸಿದ್ದಯ್ಯ ಕೈಚಾಚಿ ಎಡದ ಹೂವನ್ನು ಕಿತ್ತ. ಹೊರಗೆ ಬಂದು, ಬೆರಳಿಗಂಟಿದ ಮೇಣವನ್ನು ಚನ್ನಮಲ್ಲಯ್ಯನ ಮುಂದೆ ಹಿಡಿದು, ಮಾಡಿದ್ದನ್ನೆಲ್ಲ ಹೇಳಿದ. ನಗು ಅಡಗಿತು. ಚನ್ನಮಲ್ಲಯ್ಯ ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಎದ್ದ.

"ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಯಾಕೆ ಹೇಳಿದ್ರಿ?"

"ಮಗಳು ಒಪ್ಲಿಲ್ಲ."

ಚನ್ನಮಲ್ಲಯ್ಯ ಹೊಸ್ತಿಲಲ್ಲಿ ನಿಂತವಳನ್ನು ಬಹಳ ಹೊತ್ತು ನೋಡಿದ. ಅಂಗಳ ಗುಡಿಸುತ್ತಿದ್ದ ಚಿಕ್ಕಹನುಮಕ್ಕ ಪೊರಕೆ ಊರಿ ನಿಂತಿದ್ದಳು.

"ಈಗಾದ್ರೂ ದೇವ್ರನ್ನ ಕೇಳಿ, ಅಯ್ಯನೋರೆ," ಎಂದಳು. "ಇಷ್ಟೊತ್ತು ಮೇಣನ ಕೇಳಿದ್ದಾಯ್ತು."

ಚನ್ನಮಲ್ಲಯ್ಯ ಮತ್ತೆ ಕುಳಿತ.

ಎರಡು ಹೊಸ ಹೂಗಳು, ಎರಡಕ್ಕೂ ನೀರು. ಪ್ರತಿಸಲವೂ ಹದ್ದಿನಂತೆ ಭುಜಗಳನ್ನು ಕಾಯುತ್ತಿದ್ದ ಮರುಳಸಿದ್ದಯ್ಯ ಈ ದಿನ ಕೈಮುಗಿದು ಕಣ್ಣು ಮುಚ್ಚಿದ. ಬಹಳ ಹೊತ್ತಿನ ಮೇಲೆ ಪೀಠದ ಕಲ್ಲಿನ ಮೇಲೆ ಏನೋ ಹಗುರಾಗಿ ಬಿತ್ತು. ಹಿಂದೆಯೇ ಬಳೆಗಳ ಸದ್ದು.

ಕಣ್ಣು ತೆರೆದಾಗ ಯಾವ ಭುಜದ ಹೂ ಬಿತ್ತೆಂದು ಅವನು ನೋಡಲಿಲ್ಲ. ಬಿದ್ದ ಕೆಂಪು ಕಣಗಿಲೆ ಮಗಳ ಮುಡಿಯಲ್ಲಿತ್ತು.