ಎರ್ರಣ್ಣನ ಒಂದು ತೋಳಿನ ಕೋಟು

ಎರ್ರಣ್ಣನ ಕೋಟಿಗೆ ಒಂದೇ ತೋಳು. ಬಳ್ಳಾರಿಯ ಬೀದಿಯಲ್ಲಿ ಆತ ಸೈಕಲ್ಲು ತುಳಿಯುತ್ತ ಬಂದರೆ ಬಲಗಡೆಯಿಂದ ನೋಡಿದವರಿಗೆ ಕಚೇರಿಯ ಅಮಲ್ದಾರನಂತೆ, ಎಡಗಡೆಯಿಂದ ನೋಡಿದವರಿಗೆ ಗರಡಿಯ ಪೈಲ್ವಾನನಂತೆ ಕಾಣುತ್ತಿದ್ದ. ಹೊಸಬರು ನಕ್ಕರೆ ಅವರಿಗಿಂತ ಜೋರಾಗಿ ತಾನೇ ನಗುತ್ತಿದ್ದ. ಕೋಟಿನ ಎಡತೋಳನ್ನು ಭುಜದ ಬುಡಕ್ಕೇ ಕತ್ತರಿಸಿದವನೂ ಅವನೇ. ಆ ಬಟ್ಟೆಯಿಂದ ಹೆಂಡತಿ ಹೊನ್ನೂರಮ್ಮ ಸಿರಿಂಜಿನ ಡಬ್ಬಿಗೊಂದು ಚೀಲ ಹೊಲಿದುಕೊಟ್ಟಿದ್ದಳು. ಕೇಳಿದವರಿಗೆಲ್ಲ ಅವನ ಉತ್ತರ ಒಂದೇ: "ಊರೂರಿಗೆ ಕೋಟು ಬಿಚ್ಚಾಕ ನಾನೇನು ಮದುಮಗ ಅದೀನೇನ್ರಿ?"

ಅದು ಕಾಲರಾ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದ ಕಾಲ. ನಾವು ಕೆಲವರು ಕೂಡಿ ಒಂದು ಸೇವಾ ತಂಡ ಕಟ್ಟಿಕೊಂಡಿದ್ದೆವು. ಎರ್ರಣ್ಣ ಔಷಧದಂಗಡಿಯ ಕಾಂಪೌಂಡರು, ನಾನು ಶಾಲೆಯ ಮೇಷ್ಟ್ರು. ಬಿಡುವಾದಾಗಲೆಲ್ಲ ಇಬ್ಬರೂ ಸೈಕಲ್ಲೇರಿ ಕುರುಗೋಡು, ಸಿರುಗುಪ್ಪ, ಹಚ್ಚೊಳ್ಳಿ, ರಾರಾವಿ ಎಂದು ಕಾಲರಾ ತಡೆಯುವ ಸೂಜಿ ಹಾಕುತ್ತ ಸುತ್ತುತ್ತಿದ್ದೆವು. ಸೂಜಿ ಕಂಡರೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಆಗ ಎರ್ರಣ್ಣ ಊರ ನಡುವಿನ ಕಟ್ಟೆ ಹತ್ತಿ, ಆ ಬರಿಯ ಎಡತೋಳನ್ನು ಎಲ್ಲರಿಗೂ ಕಾಣುವಂತೆ ಚಾಚಿ, ತಾನೇ ಸೂಜಿ ಚುಚ್ಚಿಕೊಂಡು, ಕಣ್ಣರಳಿಸಿ ಕೂಗುತ್ತಿದ್ದ: "ಸಕ್ಕರಿ! ಸಕ್ಕರಿ ಐತ್ರೋ!" ಮಕ್ಕಳು ನಗುತ್ತಿದ್ದವು, ತಾಯಂದಿರು ಹೊರಬರುತ್ತಿದ್ದರು, ಮೆಲ್ಲಗೆ ಸಾಲು ಹತ್ತುತ್ತಿತ್ತು.

ಗುಟ್ಟು ಗೊತ್ತಿದ್ದವನು ನಾನೊಬ್ಬ. ಅವನ ಸಿರಿಂಜಿನಲ್ಲಿ ಇರುತ್ತಿದ್ದುದು ನಾನು ಬೆಳಿಗ್ಗೆ ಕಾಯಿಸಿ ಆರಿಸಿದ ಬರೀ ನೀರು. ಊರೂರಿಗೂ ಮದ್ದು ಚುಚ್ಚಿಕೊಳ್ಳಲು ಯಾರಿಂದಾದೀತು? ಅದು ಸರಿಯೇ. ಆದರೆ ವರ್ಷಕ್ಕೊಮ್ಮೆಯಾದರೂ ನಿಜವಾದ ಮದ್ದನ್ನು ತಾನೂ ಚುಚ್ಚಿಸಿಕೊಳ್ಳಬೇಕಿತ್ತಲ್ಲ! ನನಗೆ ಮಾತ್ರ ಎಲ್ಲರಿಗಿಂತ ಮೊದಲೇ ಚುಚ್ಚಿ ಎರಡು ದಿನ ಜ್ವರದಲ್ಲಿ ಮಲಗಿಸುತ್ತಿದ್ದ ಪುಣ್ಯಾತ್ಮ, ತನ್ನ ಸರದಿ ಬಂದಾಗ "ನಂದು ಆಮ್ಯಾಲೆ" ಎಂದುಬಿಡುತ್ತಿದ್ದ. ಮದ್ದು ಯಾವಾಗಲೂ ಕಡಿಮೆ, ಜನ ಹೆಚ್ಚು. ಸೀಸೆಯ ತಳದಲ್ಲಿ ಒಬ್ಬರಿಗಾಗುವಷ್ಟು ಉಳಿಯಿತು ಎನ್ನುವಷ್ಟರಲ್ಲಿ ಹೊಲದಿಂದ ಯಾರೋ ತಡವಾಗಿ ಓಡಿ ಬರುತ್ತಿದ್ದರು.

"ನಂದು ಆಮ್ಯಾಲೆ" ಅವನ ನಾಲಗೆಗೆ ಅಂಟಿದ ಮಾತು. ನೆರಳಿಗೂ ಅದೇ, ಚಾಪೆಗೂ ಅದೇ. ಕುರುಗೋಡಿನ ಚಿದಾನಂದಪ್ಪನವರು ಒಮ್ಮೆ ನಮ್ಮನ್ನು ಊಟಕ್ಕೆ ಕರೆದಾಗ, ಹಾಗೆಂದು ಹೇಳಿ ಸೊಂಟಕ್ಕೆ ವಸ್ತ್ರ ಬಿಗಿದು ಪಂಕ್ತಿಗೆಲ್ಲ ಬಡಿಸಿದ. ಆಮೇಲೆ ಕೂತವನು ಹನ್ನೊಂದು ಹೋಳಿಗೆ ಮುಗಿಸಿ, ತುಪ್ಪ ತೀರಿತೆಂದು ಕೇಳಿ ನಿಜವಾಗಿಯೂ ನೊಂದುಕೊಂಡ. ಹೋಳಿಗೆಯ ವಿಷಯದಲ್ಲಿ ಅವನ "ಆಮ್ಯಾಲೆ" ಖಂಡಿತ ಬರುತ್ತಿತ್ತು. ಮದ್ದಿನ ವಿಷಯದಲ್ಲಿ ಬರಲಿಲ್ಲ.

ನಲವತ್ತೆಂಟರ ಮಳೆಗಾಲದಲ್ಲಿ ಹಚ್ಚೊಳ್ಳಿಯ ರೋಗಿಗಳ ಪಕ್ಕದಲ್ಲಿ ಮೂರು ದಿನ ಕೂತು ಎದ್ದವನಿಗೆ ಅದೇ ರೋಗ ಅಂಟಿತು. ಸಿರುಗುಪ್ಪಕ್ಕೆ ತಂದೆವು, ಒಂದು ದಿನವೂ ಜೀವ ನಿಲ್ಲಲಿಲ್ಲ. ಕೊನೆಯಲ್ಲಿ ನನ್ನ ಕೈ ಹಿಡಿದು ಹೇಳಿದ: "ಮೇಷ್ಟ್ರೇ, ರಾರಾವಿ ಉಳಿದೈತಿ. ಸೂಜಿಯವನೇ ಕಾಲರಾದಾಗ ಸತ್ತ ಅಂದ್ರ ಯಾರೂ ತೋಳು ಕೊಡಂಗಿಲ್ಲ. ಆ ಸುದ್ದಿಗಿಂತ ಮೊದಲ ನೀವು ಹೋಗ್ರಿ."

ಹೆಣ ಸುಟ್ಟ ಮರುದಿನವೇ ಸಿರಿಂಜಿನ ಆ ಚೀಲ ಹೆಗಲಿಗೇರಿಸಿ ರಾರಾವಿಗೆ ಹೊರಟೆ. ಸುದ್ದಿ ನನಗಿಂತ ಮೊದಲೇ ಹೋಗಿ ಕೂತಿತ್ತು. ಊರಲ್ಲಿ ಆಗಲೇ ಇಬ್ಬರು ಹಾಸಿಗೆ ಹಿಡಿದಿದ್ದರು. ಬೇವಿನ ಮರದ ಕೆಳಗೆ ನೆರೆದ ಜನರ ಪರವಾಗಿ ಹಿರಿಯ ಮೂಕಪ್ಪ ಕೇಳಿದ: "ಇದನ್ನ ನೂರು ಸಲ ಚುಚ್ಚಿಕೊಂಡಾವನೇ ಹೋದ. ಇನ್ನ ನಮ್ಮ ಗತಿ ಏನ್ರಿ?"

ಸುಮ್ಮನಿದ್ದರೆ ಮದ್ದು ಸುಳ್ಳಾಗುತ್ತದೆ, ಬಾಯಿಬಿಟ್ಟರೆ ಎರ್ರಣ್ಣ ಸುಳ್ಳುಗಾರನಾಗುತ್ತಾನೆ. ಏನು ಮಾಡಲಿ? ಅಳುತ್ತಲೇ ಹೇಳಿಬಿಟ್ಟೆ, "ಅವನು ಚುಚ್ಚಿಕೊಂಡಿದ್ದು ಮದ್ದಲ್ಲ, ನೀರು. ಕಾಯಿಸಿಕೊಟ್ಟವನು ನಾನೇ."

ಕಳೆ ಕೀಳುವ ಕೂಲಿಯ ಸುಂಕಮ್ಮ ಎಂಬಾಕೆ ಕಿಸಕ್ಕನೆ ನಕ್ಕಳು.

"ಅಯ್ಯ, ಇದಕ್ಯಾಕ ಅಳ್ತೀರಿ? ಹೋದ ವರ್ಷ ಚುಚ್ಚಿಸಿಕೊಂಡವರೆಲ್ಲ ಜ್ವರ ಬಂದು ಮಲಗಿದ್ವಿ. ಅವನೊಬ್ಬನೇ ಹಾಡಿಕೋಂತ ಸೈಕಲ್ ಹೊಡಕೊಂಡು ಹೋದ. ನಮಗ ಕಣ್ಣಿಲ್ಲೇನು? ಅವತ್ತೇ ಗೊತ್ತಾತು."

"ಮತ್ತೆ ಯಾಕಮ್ಮ ಹೇಳಲಿಲ್ಲ?"

"ಅಷ್ಟು ಚೆಂದ ಸುಳ್ಳು ಹೇಳ್ತಿದ್ದ, ನಡುವ ಬಾಯಿ ಹಾಕಬೇಕೇನು? ಚುಚ್ಚಿಸಿಕೊಂಡವರು ಒಬ್ಬರೂ ಸಾಯಲಿಲ್ಲ. ಅಷ್ಟು ಸಾಕು. ಹಾಕ್ರಿ ಮೇಷ್ಟ್ರೇ, ಮೊದಲ ನನಗ."

ಎರ್ರಣ್ಣ ಕಲಿಸಿಕೊಟ್ಟಂತೆ ಚುಚ್ಚಿದೆ. ಸುಂಕಮ್ಮ ಮುಖ ಕಿವುಚಿಕೊಂಡು, ಮರದ ಕಟ್ಟೆ ಹತ್ತಿ ಥೇಟು ಅವನಂತೆಯೇ ಕಣ್ಣರಳಿಸಿ, "ಸಕ್ಕರಿ!" ಎಂದು ಕೂಗಿದಳು. ಮರುಕ್ಷಣವೇ, "ಎಲ್ಲಿ ಸಕ್ಕರಿ! ಮೆಣಸಿನಕಾಯಿ ಐತಿ! ಪಾಪ, ಅವನಿಗೇನು ಗೊತ್ತು!" ಎಂದಳು. ಮರದ ಕೆಳಗಿದ್ದವರೆಲ್ಲ ಘೊಳ್ಳೆಂದು ನಕ್ಕರು, ಕೆಲವರು ಸೆರಗಿನಿಂದ ಕಣ್ಣೂ ಒರೆಸಿಕೊಂಡರು. ಮೂಕಪ್ಪ ಅಂಗಿಯ ತೋಳು ಮಡಿಸುತ್ತ ಎದ್ದ. ಆಮೇಲೆ ಬಂದ ಒಬ್ಬೊಬ್ಬರೂ ಚುಚ್ಚಿದೊಡನೆ "ಸಕ್ಕರಿ" ಎನ್ನುವುದು, ಉಳಿದವರು "ಸುಳ್ಳ!" ಎನ್ನುವುದು, ಹೀಗೇ ಸಂಜೆಯ ಹೊತ್ತಿಗೆ ಸಾಲು ಮುಗಿಯಿತು. ಸತ್ತವನೊಬ್ಬನನ್ನು ಅಷ್ಟು ಸಂತೋಷದಿಂದ ನೆನೆದದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಸೀಸೆಯ ತಳದಲ್ಲಿ ಒಬ್ಬರಿಗಾಗುವಷ್ಟು ಮದ್ದು ಉಳಿದಿತ್ತು. ಇದು ಎರ್ರಣ್ಣನ ಪಾಲು ಎಂದುಕೊಂಡು ಬೆಳಕಿಗೆ ಹಿಡಿದು ನೋಡುತ್ತ ನಿಂತಿದ್ದೆ. ಅಷ್ಟರಲ್ಲಿ ಹೊಲದ ಕಡೆಯಿಂದ ಕುಡುಗೋಲು ಹಿಡಿದೇ ಎಲ್ಲಮ್ಮ ಎಂಬ ಹೆಂಗಸು ಓಡಿ ಬಂದಳು. "ತಡ ಆತ್ರಿ, ನನಗ ಉಳಿದೈತೇನ್ರಿ?"

ಉಳಿದಿತ್ತು, ಅವಳಿಗೇ ಚುಚ್ಚಿದೆ.

ಪರರ ರೋಗಕ್ಕೆ ಹೆಗಲು ಕೊಟ್ಟು ನಡುದಾರಿಯಲ್ಲೇ ಮುಗಿದುಹೋದ ಇಂಥವರನ್ನು ಜನ ತ್ಯಾಗಿಗಳೆಂದು ಹೊಗಳುತ್ತಾರೆ. ಆ ದೊಡ್ಡ ಮಾತು ಕೇಳಿದ್ದರೆ ಎರ್ರಣ್ಣ ಬಿದ್ದುಬಿದ್ದು ನಗುತ್ತಿದ್ದ. ಊರನ್ನೆಲ್ಲ ಸಾಲಿಗೆ ಹಚ್ಚಿ, ತಾವು ಮಾತ್ರ ಅದರಲ್ಲಿ ನಿಲ್ಲಲು ಮರೆತುಬಿಡುವ ಒಂದು ಜಾತಿ ಇದು. ಇಂಥವರು ತಮಗೆಂದು ಎತ್ತಿಟ್ಟುಕೊಂಡಿದ್ದ ಆ "ಆಮ್ಯಾಲೆ"ಯಲ್ಲೇ ಉಳಿದ ನಾವೆಲ್ಲ ಬದುಕಿದ್ದೇವೆ.