ಬಾಲದ ಮುನಿಯಣ್ಣ

ಚಂದ್ರಾ ಲೇಔಟಿನ ಮುನಿಯಣ್ಣನಿಗೆ ಐವತ್ತೇಳು ವರ್ಷ. ಹಿಟ್ಟಿನ ಮಿಲ್ಲು ಇಟ್ಟುಕೊಂಡಿರೋ ಮನುಷ್ಯ. ವಾರಕ್ಕೆ ಆರು ದಿನ ರಾಗಿ, ಗೋಧಿ, ಸಾರಿನ ಪುಡಿ ಅಂತ ಧೂಳು ಕುಡಿದು, ಏಳನೇ ದಿನ ಬೆಳಗಿನ ಜಾವ ಐದೂವರೆಗೆ ಸೈಕಲ್ ಹತ್ತೋನು. ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಂತ ನೀವು ಕೇಳಬಹುದು. ಅವನ ಹೆಂಡತಿ ಅಂಜಮ್ಮ ಹನ್ನೊಂದು ವರ್ಷದಿಂದ ಕೇಳ್ತಾನೇ ಇದಾಳೆ. ಅವಳಿಗೇ ಸಿಗದ ಉತ್ತರ ನಿಮಗೆಲ್ಲಿ ಸಿಗಬೇಕು.

ಪಡುವಣ ಸೈಕಲ್ ಬಳಗ ಅಂತ ಅವರದೊಂದು ಗುಂಪು. ಇಪ್ಪತ್ತು ಇಪ್ಪತ್ತೈದು ಜನ. ಭಾನುವಾರ ಚಂದ್ರಾ ಲೇಔಟಲ್ಲಿ ಸೇರಿ, ಮಲ್ಲತ್ತಹಳ್ಳಿ, ಉಲ್ಲಾಳ, ಕೊಮ್ಮಘಟ್ಟ ದಾಟಿ ದೊಡ್ಡ ಆಲದಮರದ ಹತ್ತಿರ ಒಂದು ಹೋಟೆಲಲ್ಲಿ ಇಡ್ಲಿ ತಿಂದು ವಾಪಸು ಬರೋದು. ಚಳಿಗಾಲ ಬಂದ್ರೆ ಅವರಿಗೆ ಹಬ್ಬ. ಮನೆಯಲ್ಲಿ ಬೆಚ್ಚಗೆ ಹೊದ್ದು ಮಲಗೋದು ಬಿಟ್ಟು, ಕಿವಿಗೆ ಮಫ್ಲರ್ ಸುತ್ತಿಕೊಂಡು ಮಂಜಿನೊಳಗೆ ಹೋಗಿ ಮೂಗು ಸುರಿಸೋದರಲ್ಲಿ ಅದೇನು ಸುಖವೋ, ದೇವರೇ ಬಲ್ಲ.

ಬಳಗದಲ್ಲಿ ಒಂದು ಕಟ್ಟುಪಾಡು. ಗುಂಪಿನ ಕಟ್ಟಕಡೆಗೆ ಒಬ್ಬ ಬರಬೇಕು, ಅವನಿಗೆ ಬಾಲ ಅಂತ ಹೆಸರು. ಎಲ್ಲರಿಗಿಂತ ನಿಧಾನ ಯಾರೋ, ಅವರ ಹಿಂದೆ ಬಾಲ. ಅವರು ನಿಂತರೆ ತಾನೂ ನಿಲ್ಲಬೇಕು, ಪಂಕ್ಚರ್ ಆದರೆ ಹಾಕಿಕೊಡಬೇಕು, ಸುಸ್ತಾಗಿ ಅತ್ತರೆ ಸಮಾಧಾನ ಮಾಡಬೇಕು. ಮುಂದೆ ಹೋದವರು ಹೋಟೆಲ್ ಸೇರಿ ಹೊಟ್ಟೆ ಚುರುಗುಟ್ಟುತ್ತಾ ಕೂತಿದ್ದರೂ, ಬಾಲ ಬರೋ ತನಕ ಯಾರೂ ತಟ್ಟೆ ಮುಟ್ಟೋ ಹಾಗಿಲ್ಲ. ಹನ್ನೊಂದು ವರ್ಷದಿಂದ ಆ ಕೇಸರಿ ಜಾಕೆಟ್ಟು ಮುನಿಯಣ್ಣನ ಮೈಮೇಲೇ ಇತ್ತು. ಮಿಲ್ಲಲ್ಲಿ ಅವನನ್ನ ಯಾರೂ ಕಾಯಲ್ಲ, ಹಿಟ್ಟು ಬೇಗ ಕೊಡು ಅಂತ ಬೈತಾರೆ. ಭಾನುವಾರ ಮಾತ್ರ ಇಪ್ಪತ್ತು ಜನ ಹಸಿದುಕೊಂಡು ಅವನಿಗೋಸ್ಕರ ಕಾಯೋರು. ಅಷ್ಟು ಸಾಕಾಗಿತ್ತು ಆ ಮನುಷ್ಯನಿಗೆ ಬದುಕೋಕೆ. ನಗಬೇಡಿ, ಎಷ್ಟೋ ಜನಕ್ಕೆ ಅಷ್ಟೂ ಇರಲ್ಲ.

ಆಷಾಢದಲ್ಲಿ ಒಬ್ಬನೇ ಹೋಗಿ ಕಣ್ಣು ತೋರಿಸಿಕೊಂಡು ಬಂದ. ಡಾಕ್ಟರು ಗ್ಲಾಕೋಮಾ ಅಂದರು. ಎರಡೂ ಕಣ್ಣಿನ ಪಕ್ಕದ ನೋಟ ಹೋಗಿದೆ, ಹೋಗಿದ್ದು ವಾಪಸು ಬರಲ್ಲ, ಉಳಿದಿರೋ ನಡುವಿನ ಚೂರನ್ನ ಡ್ರಾಪ್ಸ್ ಹಾಕಿ ಉಳಿಸಿಕೊಳ್ಳಿ, ಇನ್ಮೇಲೆ ಗಾಡಿ ಗೀಡಿ ಮುಟ್ಟಬೇಡಿ ಅಂದರು. ಕೊಳವೆ ಒಳಗಿಂದ ನೋಡಿದ ಹಾಗೆ, ಎದುರಿಗೆ ಇದ್ದಿದ್ದು ಕಾಣೋದು, ಮಗ್ಗುಲಲ್ಲಿ ಆನೆ ನಿಂತರೂ ಇಲ್ಲ. ಕತ್ತಲಲ್ಲಂತೂ ಎದುರಿಗಿರೋದೂ ಕಷ್ಟ. ಮನೆಗೆ ಬಂದವನು ಅಂಜಮ್ಮನಿಗೆ ಹೇಳಿದ್ದಿಷ್ಟೆ: "ಕನ್ನಡಕದ ನಂಬರು ಬದಲಾಗಿದೆ ಕಣೇ."

ಡ್ರಾಪ್ಸ್ ಸೀಸೆ ಮಿಲ್ಲಲ್ಲಿ ಹಳೇ ಬೆಲ್ಟಿನ ಡಬ್ಬಿ ಹಿಂದೆ ಕೂತಿತು. ಮಿಲ್ಲಲ್ಲಿ ಯಾರಿಗೂ ಗುಮಾನಿ ಬರಲಿಲ್ಲ. ಹಿಟ್ಟು ನುಣ್ಣಗಾಯ್ತಾ ಅಂತ ನೋಡೋದು ಬೆರಳು, ಕಣ್ಣಲ್ಲ. ಆದರೆ ರಸ್ತೆ? ಅದಕ್ಕೂ ಒಂದು ಉಪಾಯ ಹುಡುಕಿಕೊಂಡ, ಬುದ್ಧಿವಂತ. ಎಲ್ಲರ ಸೈಕಲ್ಲಿನ ಹಿಂದೆ ಕೆಂಪಗೆ ಮಿಣಮಿಣ ಅನ್ನೋ ದೀಪ ಇರುತ್ತಲ್ಲ, ಮುಂದಿನವರ ಆ ದೀಪ ಹಿಡಿದು ಹೋಗೋದು. ದೀಪ ಹೋದ ಕಡೆ ರಸ್ತೆ. ದೀಪ ಕುಣಿದರೆ ಗುಂಡಿ, ದೀಪ ನಿಂತರೆ ಬ್ರೇಕು. ಹಿಂದೆ ಕಾಯೋಕೆ ಅಂತ ಇದ್ದವನನ್ನ ಮುಂದಿನವರೇ ಕೈಹಿಡಿದು ಕರಕೊಂಡು ಹೋಗ್ತಾ ಇದ್ದರು, ಅವರಿಗೇ ಗೊತ್ತಿಲ್ಲದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡೀತು. ಐದು ತಿಂಗಳು ಕುಡೀತು.

ಮುಂದಿನವರು ಅಂದರೆ ಆಗ ನೀಲಾಂಬಿಕಾ. ಬಾಗೇವಾಡಿ ಕಡೆ ಹೆಣ್ಣುಮಗಳು, ಮೂವತ್ತೆರಡು ವರ್ಷ, ಉಲ್ಲಾಳದಲ್ಲಿ ಬಾಡಿಗೆ ರೂಮು, ಒಂದು ಆಫೀಸಲ್ಲಿ ಕಾಂಟ್ರಾಕ್ಟ್ ಮೇಲೆ ಟೈಪಿಂಗ್ ಕೆಲಸ. ಈ ಊರಲ್ಲಿ ಅವಳಿಗೆ ನಮ್ಮೋರು ಅಂತ ಯಾರೂ ಇರಲಿಲ್ಲ. ನಾಗರಪಂಚಮಿ ಹೊತ್ತಿಗೆ ಬಳಗ ಸೇರಿದ್ದಳು. ಲಾರಿ ಸದ್ದು ಕೇಳಿದರೆ ಹೆದರಿ ಇಳಿದುಬಿಡೋಳು. ಮೊದಲ ದಿನ ಮುನಿಯಣ್ಣ ಹೇಳಿದ್ದ: "ನೀನು ಮುಂದೆ ನೋಡ್ಕೊಂಡು ಹೊಡಿ ತಾಯಿ. ಹಿಂದೆ ನಾನಿದೀನಿ." ಆ ಮಾತು ನಂಬಿಕೊಂಡು ಅವಳು ಹಿಂದೆ ತಿರುಗಿ ನೋಡೋದನ್ನೇ ಬಿಟ್ಟಳು.

ಡಿಸೆಂಬರ್ ಮೂರನೇ ಭಾನುವಾರ. ಮನೆಮನೆಯಲ್ಲೂ ಅವರೆಕಾಯಿ ಸೊಗಡು. ಉಲ್ಲಾಳ ದಾಟೋ ಹೊತ್ತಿಗೆ ಮಂಜು ಹೇಗಿತ್ತು ಅಂದ್ರೆ, ತನ್ನ ಹ್ಯಾಂಡಲ್ ತನಗೇ ಮಸುಕು. ಗುಂಪೆಲ್ಲ ಮುಂದೆ ಹೋಗಿತ್ತು. ಕೊಮ್ಮಘಟ್ಟ ಕಳೆದ ಮೇಲೆ ಚಳಿಗಾಳಿಗೆ ಮುನಿಯಣ್ಣನ ಕಣ್ಣಲ್ಲಿ ನೀರು ಸುರಿಯೋಕೆ ಶುರುವಾಯ್ತು. ಕನ್ನಡಕ ಒರೆಸಿಕೊಳ್ಳಲೇಬೇಕಾಯ್ತು.

"ನೀನು ಹೋಗ್ತಾ ಇರಮ್ಮ, ಹಿಂದೇನೇ ಬಂದೆ" ಅಂದ.

"ಆತ್ರಿ ಅಣ್ಣಾರ" ಅಂತ ನೀಲಾಂಬಿಕಾ ಹೋದಳು.

ಒರೆಸಿ, ಮತ್ತೆ ಹಾಕಿ, ತಲೆಯೆತ್ತಿದಾಗ ಮಂಜಲ್ಲಿ ದೂರದಲ್ಲಿ ಕೆಂಪು ದೀಪ ಮಿಣಮಿಣ ಅಂತಿತ್ತು. ಸದ್ಯ ಅಂದುಕೊಂಡು ಅದನ್ನ ಹಿಡಿದು ಹೊಡೆದ. ಇನ್ನೂರು ಮುನ್ನೂರು ಮೀಟರು ಹೋಗಿರಬೇಕು, ಎಡಗಡೆ ತಗ್ಗಿನಿಂದ ಒಂದು ದನಿ ಕೇಳಿಸಿತು. "ಅಣ್ಣಾರ."

ಕೇಳಿಸಿತು. ಇದನ್ನ ಅವನು ಆಮೇಲೆ ಎಷ್ಟೋ ದಿನ ತನಗೆ ತಾನೇ ಕೇಳಿಸಲಿಲ್ಲ ಅಂತ ಹೇಳಿಕೊಳ್ಳೋಕೆ ನೋಡಿದ, ಆಗಲಿಲ್ಲ. ಕತ್ತು ತಿರುಗಿಸಿ ಎಡಗಡೆ ನೋಡಿದ ಕೂಡ. ಬರೀ ಬೂದಿ ಬಣ್ಣ. ಮತ್ತೆ ಮುಂದೆ ನೋಡಿದರೆ ದೀಪ ಸಣ್ಣದಾಗ್ತಾ ಇತ್ತು. ನಿಂತರೆ ದೀಪ ತಪ್ಪುತ್ತೆ, ದೀಪ ತಪ್ಪಿದರೆ ಈ ಮಂಜಲ್ಲಿ ರಸ್ತೆ ಎಲ್ಲಿ, ಚರಂಡಿ ಎಲ್ಲಿ, ಅವನಿಗೆ ಗೊತ್ತಾಗಲ್ಲ. ನೀಲಾಂಬಿಕಾ ಮುಂದೆ ಇದಾಳಲ್ಲ, ಇದು ಯಾರೋ ಊರವರು ಇರಬೇಕು. ಹಾಗಂದುಕೊಂಡು ಪೆಡಲ್ ಒತ್ತಿದ. 

ದೀಪ ಬಲಕ್ಕೆ ತಿರುಗಿತು, ಅವನೂ ತಿರುಗಿದ. ದೀಪ ಒಂದು ಊರೊಳಗೆ ಹೋಗಿ ಹಾಲಿನ ಡೈರಿ ಮುಂದೆ ನಿಂತಿತು. ಸೈಕಲ್ಲಿಂದ ಇಳಿದವನು ಎರಡು ಕ್ಯಾನು ಕಟ್ಟಿಕೊಂಡ ಉಗ್ರಪ್ಪ ಅನ್ನೋ ಹಾಲಿನವನು.

"ಏನ್ ಸಾರ್, ಅಷ್ಟು ದೂರದಿಂದ ನನ್ನ ಹಿಂದೇನೇ ಬರ್ತಾ ಇದೀರಾ?" ಅಂತ ನಕ್ಕ ಅವನು. "ನೀವೇ ಕಟ್ಟಿದ್ ದೀಪ ಸಾರ್ ಇದು. ಚೆನ್ನಾಗೇ ಉರೀತದೆ."

ದೀಪಾವಳಿಗೆ ಬಳಗದವರು ಈ ರಸ್ತೆಯ ಹಾಲಿನವರಿಗೆ, ಪೇಪರಿನವರಿಗೆ ಪುಕ್ಕಟೆ ದೀಪ ಹಂಚಿದ್ದರು, ಲಾರಿಗೆ ಸಿಗದೆ ಇರಲಿ ಅಂತ. ಸ್ಕ್ರೂಡ್ರೈವರ್ ಹಿಡಿದು ಕೂತು ಒಂದೊಂದನ್ನೂ ಬಿಗಿ ಮಾಡಿದ್ದು ಮುನಿಯಣ್ಣನೇ. ಒಳ್ಳೇದು ಮಾಡೋಕೆ ಹೋದ ಕೈಯೇ ಕಣ್ಣು ಕಟ್ಟಿತು ಅನ್ನಿ.

ಆ ದನಿ ಯಾರದ್ದು ಅಂತ ಅವನಿಗೆ ಅಲ್ಲೇ ಹೊಳೆಯಿತು.  ಅಷ್ಟರಲ್ಲಿ ಫೋನು. ಬಳಗದ ಕ್ಯಾಪ್ಟನ್ ಫಕೀರೇಶ. ಗದಗಿನ ಹುಡುಗ, ಮನೆಮನೆಗೆ ಪಾರ್ಸೆಲ್ ಹಂಚಿ ಮೇಲೆ ಬಂದವನು, ಮುನಿಯಣ್ಣ ಅಂದ್ರೆ ಅವನಿಗೆ ಪ್ರಾಣ.

"ಎಲ್ಲಿದೀರಿ ಅಣ್ಣ? ನಾವೆಲ್ಲ ಹೋಟೆಲ್ ಹತ್ರ ಬಂದ್ವಿ. ನೀಲಾಂಬಿಕಾ ನಿಮ್ಮ ಜೊತೆ ಇದಾರಲ್ಲ?"

ಇಲ್ಲ ಕಣಪ್ಪಾ, ಕೊಮ್ಮಘಟ್ಟದಿಂದ ಈಚೆ ಎಲ್ಲೋ ಬಿದ್ದಿದಾಳೆ, ಓಡಿ ಬನ್ನಿ. ಇಷ್ಟು ಹೇಳಿದ್ದರೆ ಅರ್ಧ ಗಂಟೆಯಲ್ಲಿ ಇಪ್ಪತ್ತು ಜನ ಅಲ್ಲಿರೋರು. ಆದರೆ ಹೇಗೆ ಬಿಟ್ಟುಬಂದ್ರಿ ಅಂತ ಕೇಳ್ತಾರಲ್ಲ. ಕೇಳಿದ್ರೆ ಕಣ್ಣಿನ ವಿಷಯ ಬರುತ್ತಲ್ಲ. ಕಣ್ಣಿನ ವಿಷಯ ಬಂದರೆ ಜಾಕೆಟ್ಟು ಹೋಗುತ್ತಲ್ಲ.

"ಜೊತೇಲೇ ಇದಾಳೆ. ಪಂಕ್ಚರ್ರು. ಹಾಕಿ ಬರ್ತೀವಿ" ಅಂದುಬಿಟ್ಟ ಪುಣ್ಯಾತ್ಮ.

ಐದು ನಿಮಿಷದಲ್ಲಿ ಹುಡುಕಿಬಿಡ್ತೀನಿ ಅಂತ ಅವನ ಲೆಕ್ಕ. ಬಂದ ದಾರಿಯಲ್ಲೇ ವಾಪಸು ಹೊಡೆದ. ಬೆಳಕು ಬಿಟ್ಟಿತ್ತು, ಮಂಜು ಬೆಳ್ಳಗೆ ಕಣ್ಣು ಚುಚ್ಚುತ್ತಿತ್ತು. ಆ ಕಡೆ ಈ ಕಡೆ ಕತ್ತು ತಿರುಗಿಸಿ ನೋಡ್ತಾ, "ನೀಲಾಂಬಿಕಾ" ಅಂತ ಕೂಗ್ತಾ ಹೋದ. ಕೊಳವೆ ನೋಟದಲ್ಲಿ ಒಂದು ಸಲಕ್ಕೆ ಒಂದು ಗಿಡ, ಒಂದು ಕಲ್ಲು, ಒಂದು ಕಸದ ರಾಶಿ. ಕೊಮ್ಮಘಟ್ಟ ಬಂದೇಬಿಟ್ಟಿತು, ಅವಳು ಇಲ್ಲ. ಮತ್ತೆ ಫೋನು. "ಅಣ್ಣ, ನಾವು ಯಾರಾದ್ರೂ ಬರೋದಾ?" "ಬೇಡ ಬೇಡ, ಆಗೋಯ್ತು, ಹೊರಟ್ವಿ." ಅಲ್ಲಿ ಇಪ್ಪತ್ತು ಜನ ತಟ್ಟೆ ಮುಟ್ಟದೆ ಕಾಯ್ತಾ ಇದ್ದರು. ಒಬ್ಬರೂ ಹುಡುಕಿಕೊಂಡು ಹೊರಡಲಿಲ್ಲ. ಯಾಕೆ ಹೊರಡಬೇಕು, ಬಾಲ ಜೊತೆಗಿದೆಯಲ್ಲ.

ಅವಳನ್ನ ಕಂಡಿದ್ದು ಹುಲ್ಲು ಕುಯ್ಯೋಕೆ ಬಂದ ಒಬ್ಬ ಹೆಂಗಸು, ಎಂಟು ಗಂಟೆಗೆ. ಬಣ್ಣ ಬಳಿಯದ ರೋಡ್ ಹಂಪು ಹಾರಿ ಚರಂಡಿಗೆ ಬಿದ್ದಿದ್ದಳು. ತೊಡೆ ಮೂಳೆ ಮುರಿದಿತ್ತು, ಸೈಕಲ್ಲು ಮೇಲೆ ಬಿದ್ದು ದೀಪ ಮಣ್ಣಲ್ಲಿ ಹೂತಿತ್ತು, ಫೋನು ಕೈಗೆಟಕದ ಹಾಗೆ ಆಚೆ ಬಿದ್ದಿತ್ತು. ಆ ಹೆಂಗಸೇ ಫೋನು ಎತ್ತಿಕೊಟ್ಟು ಫಕೀರೇಶನಿಗೆ ಹೇಳಿಸಿದ್ದು. ಮುನಿಯಣ್ಣ ಹುಡುಕ್ತಾ ಮೂರನೇ ಸಲ ಆ ದಾರಿಗೆ ಬರೋ ಹೊತ್ತಿಗೆ ಬಳಗವೆಲ್ಲ ಅಲ್ಲಿ ನಿಂತಿತ್ತು, ಆಂಬುಲೆನ್ಸಿಗೆ ಅವಳನ್ನ ಹತ್ತಿಸ್ತಾ ಇದ್ದರು.

ಫಕೀರೇಶ ಬೈದಿದ್ದರೆ ಚೆನ್ನಾಗಿರ್ತಿತ್ತು. "ಪಂಕ್ಚರ್ ಅಂದ್ರಲ್ಲ ಅಣ್ಣ" ಅಂದ, ಅಷ್ಟೆ. ಮುನಿಯಣ್ಣ ಕನ್ನಡಕ ತೆಗೆದು ಒರೆಸೋಕೆ ಶುರುಮಾಡಿದ. ಸ್ವಲ್ಪ ಹೊತ್ತು ಕಾದು ಫಕೀರೇಶ ಕೈ ಚಾಚಿದ. "ಜಾಕೆಟ್ ಕೊಡಿ." ಚಳಿಯಲ್ಲಿ ಬನಿಯನ್ನು, ಅಂಗಿ ಹಾಕಿಕೊಂಡು ಮುನಿಯಣ್ಣ ಮನೆ ಸೇರಿದ. ಸಂಜೆಯೊಳಗೆ ವಾಟ್ಸಾಪ್ ಗುಂಪಿನಿಂದ ಹೆಸರೂ ಹೋಯ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರೆ. ಇವನದು ಎರಡು ಸುಳ್ಳಿಗೆ ಹೋಯ್ತು.

ನಾಲ್ಕನೇ ದಿನ ಅಂಜಮ್ಮನೇ ಹೊರಡಿಸಿದಳು. ಗಂಡ ಏನೋ ಮುಚ್ಚಿಡ್ತಾ ಇದಾನೆ ಅಂತ ಅವಳಿಗೆ ಗೊತ್ತು, ಏನು ಅಂತ ಗೊತ್ತಿಲ್ಲ. "ಹೆಣ್ಣುಮಗು ಒಂಟಿಯಾಗಿ ಬಿದ್ದಿದೆ, ಹೋಗಿ ತಪ್ಪಾಯ್ತು ಅನ್ನಿ" ಅಂತ ಹಿತಕಿದ ಅವರೆಬೇಳೆ ಸಾರು ಡಬ್ಬಿಗೆ ಹಾಕಿಕೊಂಡು ಬಂದಳು. ಆಸ್ಪತ್ರೆ ವಾರ್ಡಲ್ಲಿ ನೀಲಾಂಬಿಕಾ ಒಬ್ಬಳೇ ಇದ್ದಳು. ಕಾಲಿಗೆ ರಾಡು ಹಾಕಿದ್ದರು, ಮೂರು ತಿಂಗಳು ಏಳೋ ಹಾಗಿಲ್ಲ. ಕಾಂಟ್ರಾಕ್ಟ್ ಕೆಲಸಕ್ಕೆ ಬೇರೆಯವರನ್ನ ತಗೊಂಡಾಗಿತ್ತು. ಊರಿಂದ ಅವ್ವ ಬಂದು ಕರಕೊಂಡು ಹೋಗ್ತಾಳೆ, ಮತ್ತೆ ಬೆಂಗಳೂರಿಗೆ ಬರಲ್ಲ ಅಂದಳು. ಇದನ್ನೆಲ್ಲ ಅಂಜಮ್ಮನ ಹತ್ತಿರ ಹೇಳಿ, ಆಮೇಲೆ ಮುನಿಯಣ್ಣನ ಕಡೆ ನೋಡಿದಳು.

"ಅಣ್ಣಾರ, ಒಂದು ಕೇಳ್ತೀನಿ. ನಾ ಕರದಾಗ ನೀವು ತಿರುಗಿ ನೋಡಿದ್ರಿ. ನಾ ಕೈ ಎತ್ತಿದ್ದೆ. ನೋಡ್ಯಾರ, ಗಾಡಿ ತಿರುವಿಕೊಂಡು ಬರ್ತಾರ ಅಂತ ಕೂಗೋದಽ ಬಿಟ್ಟೆ. ಆಮ್ಯಾಲ ಎರಡು ಮೂರು ಗಾಡಿ ಹೋದ್ವು, ಅವ್ರನ್ನೂ ಕರೀಲಿಲ್ಲ. ಮತ್ತೊಮ್ಮೆ ನೀವಽ ಬಂದ್ರಿ, ನನ್ನ ಹೆಸರು ಹಿಡಿದು ಕೂಗಿದ್ರಿ. ಆಗ ನನಗ ದನಿ ಹೊರಡಲಿಲ್ಲ, ಕೈ ಎತ್ತಿದೆ. ಮತ್ತ ಹಂಗಽ ಹೋದ್ರಿ. ನಾ ಏನು ತಪ್ಪು ಮಾಡಿದ್ದೆ ನಿಮಗ?"

ಮುನಿಯಣ್ಣನಿಗೆ ಇನ್ನು ಉಳಿಸಿಕೊಳ್ಳೋಕೆ ಏನೂ ಇರಲಿಲ್ಲ. "ನನಗೆ ಕಣ್ಣು ಕಾಣಲ್ಲ ತಾಯಿ" ಅಂದ. "ಮಗ್ಗುಲು ಪೂರ್ತಿ ಹೋಗಿದೆ. ಆಷಾಢದಿಂದ."

"ಈಗರೆ ಖರೇ ಹೇಳ್ರಿ" ಅಂದಳು ಅವಳು, ಬೇಜಾರಲ್ಲಿ. "ವಾರವಾರ ನನ್ನ ಹಿಂದ ಸೈಕಲ್ ಹೊಡದವ್ರು ನೀವು."

ಅವಳು ನಂಬಲಿಲ್ಲ. ಹೇಗೆ ನಂಬಬೇಕು, ಮುಚ್ಚಿಡೋ ಕೆಲಸವನ್ನ ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದ. ಅವಳ ಮುಖವನ್ನೇ ನೋಡ್ತಾ ಕೂತ. ಮುಖ ಒಂದೇ ಕಾಣ್ತಾ ಇತ್ತು, ಸುತ್ತ ಏನೂ ಇಲ್ಲ.  ಆಮೇಲೆ ಪಕ್ಕದಿಂದ ಅಂಜಮ್ಮನ ದನಿ ಬಂತು, ಬಹಳ ಮೆಲ್ಲಗೆ.

"ರೀ. ಆ ಹುಡುಗಿ ಆವಾಗಿಂದ ನಿಮ್ಮ ಎಡಗಡೆ ಕೈ ಎತ್ತಿ ಹಿಡ್ಕೊಂಡಿದಾಳೆ ಕಣ್ರೀ."

ಅವನು ಕತ್ತು ತಿರುಗಿಸಿದ. ಆಗ ಕಂಡಿತು, ಒಂದು ಮೊಳ ದೂರದಲ್ಲಿ, ಸೂಜಿ ಚುಚ್ಚಿ ಪ್ಲಾಸ್ಟರ್ ಹಾಕಿದ ಕೈ. ಅದು ನಿಧಾನಕ್ಕೆ ಕೆಳಗಿಳಿಯಿತು. ಅಂಜಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ನೀಲಾಂಬಿಕಾ ಉಲ್ಲಾಳದ ಲಾರಿಗಳನ್ನ, ಮಂಜನ್ನ, ಕತ್ತಲ ರಸ್ತೆಗಳನ್ನ ಒಂದೊಂದಾಗಿ ನೆನಪು ಮಾಡಿಕೊಳ್ಳೋ ಹಾಗೆ ಸೂರು ನೋಡ್ತಾ ಮಲಗಿದ್ದಳು.

"ಹಂಗಾರ ಇಷ್ಟು ದಿನ ನನ್ನ ಹಿಂದ ಯಾರೂ ಇದ್ದಿದ್ದಿಲ್ಲ" ಅಂದಳು.

  ಮುನಿಯಣ್ಣ ಎದ್ದು ನಿಂತಾಗ ಮೊಣಕೈ ತಗುಲಿ ಸಾರಿನ ಡಬ್ಬಿ ಕೆಳಗೆ ಬಿತ್ತು, ಅದೂ ಎಡಗಡೆಯೇ ಇತ್ತು.