ಉತ್ತರ ಕೊಡಬಾರದೆಂಬ ಪಾಠ

ಸ್ಮರಾಂಡಾ ಡಾಕ್ಟರಿಗೆ ಕಲಿಸಿದ್ದು ಒಂದೇ ಪಾಠ. ಅಧ್ಯಕ್ಷರು ಏನೇ ಹೇಳಲಿ, ಅವರಿಗೆ ಉತ್ತರ ಕೊಡಬೇಡಿ, ಕ್ಯಾಮೆರಾ ಕಡೆ ತಿರುಗಿ ನಿಮ್ಮ ಮಾತು ನೀವು ಹೇಳಿ.

ಇದಕ್ಕೆ ಕಾರಣವಿತ್ತು. ದೇಶದ ಅಧ್ಯಕ್ಷ ಸಿಲ್ವೆಸ್ಟ್ರು ಗೊರುನ್ ಮಾತಿನಲ್ಲಿ ಬಲು ಜಾಣರು. ಹಿಂದಿನ ಚುನಾವಣೆಯಲ್ಲಿ ಅವರ ಎದುರು ನಿಂತಿದ್ದ ಪ್ರೊಫೆಸರೊಬ್ಬರನ್ನು ಟೀವಿ ಚರ್ಚೆಯಲ್ಲಿ ನಗುನಗುತ್ತಲೇ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಸುತ್ತಿಸಿಬಿಟ್ಟಿದ್ದರು. ಆ ಮನುಷ್ಯ ಇಡೀ ಸಂಜೆ ಸಮಜಾಯಿಷಿ ಕೊಟ್ಟು ಕೊಟ್ಟು ಬೆವರಿ ಮನೆಗೆ ಹೋದ.

ಈ ಸಲ ಎದುರು ನಿಂತವರು ಡಾಕ್ಟರ್ ಅಗ್ಲಾಯ ವೊಯ್ಕು. ಡ್ಯಾನ್ಯೂಬ್ ದಂಡೆಯ ಲುಂಕಾ ಪಟ್ಟಣದಲ್ಲಿ ಹೆರಿಗೆ ಮಾಡಿಸುತ್ತಲೇ ತಲೆ ನೆರೆಸಿಕೊಂಡವರು. ಸಣ್ಣ ಊರುಗಳ ಹೆರಿಗೆ ಆಸ್ಪತ್ರೆಗಳನ್ನೆಲ್ಲ ಮುಚ್ಚುವ ಕಾನೂನೊಂದು ಪಾರ್ಲಿಮೆಂಟಿನಲ್ಲಿ ಪಾಸಾಗುವುದರಲ್ಲಿತ್ತು. ಗೊರುನ್ ಗೆದ್ದರೆ ಅದಕ್ಕೆ ಸಹಿ ಹಾಕುತ್ತಾರೆ, ಅಗ್ಲಾಯ ಗೆದ್ದರೆ ವಾಪಸು ಕಳಿಸುತ್ತಾರೆ. ಸ್ಮರಾಂಡಾ ಕೂಡ ಲುಂಕಾದ ಹುಡುಗಿಯೇ. ಬುಕಾರೆಸ್ಟಿಗೆ ಬಂದು ರಾಜಕಾರಣಿಗಳಿಗೆ ಮಾತು ಕಲಿಸುವ ಕೆಲಸ ಹಿಡಿದಿದ್ದಳು. ಅವಳ ತಂಗಿ ರುಕ್ಸಾಂಡ್ರಾ ಮತ್ತೆ ಬಸುರಿ. ಹೋದ ಹೆರಿಗೆಯಲ್ಲಿ ರಕ್ತ ನಿಲ್ಲದೆ ಹೋದಾಗ ಅವಳನ್ನು ಉಳಿಸಿದ್ದು ಅಗ್ಲಾಯ ಅವರ ಕೈ. ಲುಂಕಾದ ಬಾಗಿಲು ಮುಚ್ಚಿದರೆ ಮುಂದಿನ ಆಸ್ಪತ್ರೆ ಬಹಳ ದೂರ, ದಾರಿ ಹಾಳು.

ಅಧ್ಯಕ್ಷರು ಒಪ್ಪಿದ್ದು ಒಂದೇ ಚರ್ಚೆಗೆ. ಸಮೀಕ್ಷೆಗಳಲ್ಲಿ ಡಾಕ್ಟರು ಹಿಂದಿದ್ದರು. ಇದ್ದದ್ದು ಈ ಒಂದೇ ಸಂಜೆ.

ಅಭ್ಯಾಸ ನಡೆದದ್ದು ಈಸ್ಟರ್‌ಗೆ ಮುಂಚೆ ಮಾಂಸ, ಹಾಲು ಬಿಡುವ ಉಪವಾಸದ ವಾರಗಳಲ್ಲಿ, ಡಾಕ್ಟರ ತಮ್ಮನ ಮನೆಯ ಊಟದ ಮೇಜಿನ ಬಳಿ. ಪಕ್ಷದ ಖಜಾಂಚಿ ಅಧ್ಯಕ್ಷರ ಪಾತ್ರ ಹಾಕುತ್ತಿದ್ದ. ಅರೆದ ಬೀನ್ಸ್ ಕಾಳು, ಬ್ರೆಡ್ಡು ತಿನ್ನುತ್ತ ಡಾಕ್ಟರು ಕೂತಿರುವಾಗಲೇ ಅವನು ಏನಾದರೂ ಕೆಣಕುತ್ತಿದ್ದ. ಅವರು ಅವನ ಕಡೆ ತಿರುಗಿ ಬಾಯಿ ತೆರೆದರೆ ಸ್ಮರಾಂಡಾ ಚಮಚದಿಂದ ಗ್ಲಾಸಿಗೆ ಟಿಣ್ ಎಂದು ಬಡಿಯುವಳು.

"ಅವನು ನನ್ನ ಅಡುಗೆ ಬಗ್ಗೆ ಕೇಳಿದ ಕಣೇ. ಅದಕ್ಕೂ ಉತ್ತರ ಕೊಡಬಾರದಾ?"

"ಕೊಡಬಾರದು ಅಕ್ಕ."

"ನನ್ನ ಅಮ್ಮ ಇದ್ದಿದ್ದರೆ ನಿನಗೆ ಎರಡು ಬಿಡ್ತಿದ್ಲು."

"ಗೆದ್ದ ಮೇಲೆ ನೀವೇ ಬಿಡಿ."

ಕೊನೆಕೊನೆಗೆ ಡಾಕ್ಟರು ಚೆನ್ನಾಗಿ ಕಲಿತರು. ಖಜಾಂಚಿ ಬಾಯಿ ತೆರೆಯುವುದೇ ತಡ, ಅವರ ಕತ್ತು ತಾನಾಗಿ ಗೋಡೆಯ ಕಡೆ, ಅಂದರೆ ಕ್ಯಾಮೆರಾ ಇರಬೇಕಾದ ಕಡೆ, ತಿರುಗುತ್ತಿತ್ತು. ಸ್ಮರಾಂಡಾಗೆ ಹೆಮ್ಮೆಯೋ ಹೆಮ್ಮೆ.

ಚರ್ಚೆ ನಡೆದದ್ದು ಹಬ್ಬ ಕಳೆದ ಮೇಲೆ. ಈಸ್ಟರ್‌ನಿಂದ ನಲವತ್ತು ದಿನ, ಸ್ವರ್ಗಾರೋಹಣದ ಹಬ್ಬದವರೆಗೆ, ಅಲ್ಲಿ ಯಾರೂ ಯಾರಿಗೂ ನಮಸ್ಕಾರ ಎನ್ನುವುದಿಲ್ಲ. "ಕ್ರಿಸ್ತ ಎದ್ದಿದ್ದಾನೆ" ಎನ್ನುತ್ತಾರೆ, ಸಾವಿನಿಂದ ಎದ್ದು ಬಂದ ಎಂದು. ಎದುರಿನವರು "ನಿಜವಾಗಿ ಎದ್ದಿದ್ದಾನೆ" ಎನ್ನುತ್ತಾರೆ. ದೇವರನ್ನು ನಂಬದವರೂ ಅನ್ನುತ್ತಾರೆ, ಜಗಳವಾಡಿ ಮಾತು ಬಿಟ್ಟವರೂ ಅನ್ನುತ್ತಾರೆ. ಅಂದು ಬೆಳಗಿನಿಂದ ಡಾಕ್ಟರು ಲಿಫ್ಟಿನವನಿಗೆ, ಪೊಲೀಸಿನವನಿಗೆ, ತಮ್ಮ ಮುಖಕ್ಕೆ ಪೌಡರ್ ಹಚ್ಚಿದ ಹುಡುಗಿಗೆ ಹಾಗೆ ಹೇಳಿಯೇ ಬಂದಿದ್ದರು.

ಸಂಜೆ ಸ್ಟುಡಿಯೋದಲ್ಲಿ ನೇರಪ್ರಸಾರದ ಕೆಂಪು ದೀಪ ಹತ್ತಿತು. ಸ್ಮರಾಂಡಾ ಗಾಜಿನ ಈಚೆ ನಿಂತಿದ್ದಳು. ನಿರೂಪಕ ಇಬ್ಬರನ್ನೂ ಪರಿಚಯಿಸಿ ಮೊದಲು ಅಧ್ಯಕ್ಷರಿಗೆ ಮಾತು ಕೊಟ್ಟ. ಗೊರುನ್ ಡಾಕ್ಟರ ಕಡೆ ತಿರುಗಿದರು.

"ಕ್ರಿಸ್ತ ಎದ್ದಿದ್ದಾನೆ, ಡಾಕ್ಟ್ರೇ."

ಡಾಕ್ಟರ ಕತ್ತು ತಿರುಗಿತು. ಕ್ಯಾಮೆರಾವನ್ನು ನೇರವಾಗಿ ನೋಡಿ, ತುಂಬ ಸ್ಪಷ್ಟವಾಗಿ ಹೇಳಿದರು: "ಸಣ್ಣ ಊರಿನ ಹೆಣ್ಣುಮಕ್ಕಳನ್ನ ಈ ಸರ್ಕಾರ ರಸ್ತೆಯಲ್ಲಿ ಹೆರೋದಕ್ಕೆ ಬಿಟ್ಟಿದೆ."

ನಿರೂಪಕನ ಕೈಯ ಪೆನ್ನು ನಿಂತಿತು. ಅಧ್ಯಕ್ಷರು ಕಾದರು, ನಿಜವಾಗಿಯೂ ಕಾದರು. ಆಮೇಲೆ ಮೆತ್ತಗೆ, "ಪರವಾಗಿಲ್ಲ. ಅವನು ಎಲ್ಲರಿಗೋಸ್ಕರವೂ ಎದ್ದಿದ್ದಾನೆ" ಎಂದು ತಮ್ಮ ಮಾತು ಶುರು ಮಾಡಿದರು.

ಎಡವಿದ್ದೆಲ್ಲೆಂದು ಸ್ಮರಾಂಡಾಗೆ ಈಗ ಗೊತ್ತಾಯಿತು. ಉಪವಾಸದ ದಿನಗಳಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. ಹಾಗಾಗಿ ಖಜಾಂಚಿಯೂ ಆಡಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಫೋನು ಮಿಡಿಯಿತು. ಲುಂಕಾದಿಂದ ಅವಳ ಅಮ್ಮ.

"ಏನಾಯ್ತೇ ಡಾಕ್ಟ್ರಮ್ಮಂಗೆ? ಕಿವಿ ಕೇಳಿಸಲ್ವಾ?"

"ಅಮ್ಮ, ಆಮೇಲೆ ಮಾಡ್ತೀನಿ."

"ಪಕ್ಕದ ಮನೆ ಸೆವಾಸ್ತಿಯ ಇದ್ದಾಳಲ್ಲ, ಟೀವಿ ಆರಿಸಿಬಿಟ್ಳು. ಅವಳ ಮೂರೂ ಹೆರಿಗೆ ಮಾಡಿಸಿದವಳು ಈಯಮ್ಮನೇ. ಆದರೂ ಆರಿಸಿದ್ಳು. ದೇವರ ಮಾತಿಗೆ ಬಾಯಿ ಬಿಡದವಳಿಗೆ ನಾನು ಓಟು ಹಾಕಲ್ಲ ಅಂತಾಳೆ. ಅವಳೇ ಹಂಗಂದ್ರೆ ಬೇರೆಯವರ ಗತಿ?"

ಬ್ರೇಕ್ ಬಂತು. ಸ್ಮರಾಂಡಾ ನೀರಿನ ಬಾಟಲಿ ಹಿಡಿದು ಓಡಿದಳು. ಏನಾಯಿತೆಂದು ಡಾಕ್ಟರಿಗೂ ಗೊತ್ತಾಗಿತ್ತು.

"ಅಕ್ಕ, ಬ್ರೇಕ್ ಮುಗಿದ ತಕ್ಷಣ ಆ ಮಾತು ಹೇಳಿಬಿಡಿ. ಅವರ ಕಡೆ ತಿರುಗಿ, ಕಣ್ಣಲ್ಲಿ ಕಣ್ಣಿಟ್ಟು. ಗಾಬರಿಯಲ್ಲಿ ಮರೆತೆ ಅನ್ನಿ. ಜನ ಕರಗ್ತಾರೆ, ನನ್ನ ಮಾತು ಕೇಳಿ."

"ಇಲ್ಲಿವರೆಗೂ ನಿನ್ನ ಮಾತೇ ಕೇಳಿದ್ದು."

"ಕೈ ಮುಗೀತೀನಿ ಅಕ್ಕ."

"ಅದು ಓಟು ಕೇಳೋ ಮಾತಲ್ಲ ಕಣೇ. ಈಗ ಕ್ಯಾಮೆರಾ ಮುಂದೆ ಹೇಳಿದ್ರೆ ಓಟು ಕೇಳಿದ ಹಾಗೇ. ನನ್ನ ಕೈಲಾಗಲ್ಲ."

ನೀರು ಕುಡಿದು ಬಾಟಲಿ ಅವಳ ಕೈಗೆ ಕೊಟ್ಟು, ಡಾಕ್ಟರು ನೆಟ್ಟಗೆ ಅಧ್ಯಕ್ಷರ ಬಳಿ ನಡೆದರು. ಸ್ಮರಾಂಡಾ ಹಿಂದೆಯೇ ಹೋದಳು. ಗೊರುನ್ ಕನ್ನಡಕ ಒರೆಸುತ್ತಿದ್ದರು, ಹತ್ತಿರ ಬೇರೆ ಯಾರೂ ಇರಲಿಲ್ಲ.

"ನಿಜವಾಗಿ ಎದ್ದಿದ್ದಾನೆ, ಅಧ್ಯಕ್ಷರೇ. ಆಗಲೇ ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ."

ಗೊರುನ್ ಕನ್ನಡಕ ಹಾಕಿಕೊಂಡರು. "ಗೊತ್ತಾಯ್ತು ಡಾಕ್ಟ್ರೇ. ನಾನು ಹಾಗಂದದ್ದು ನನ್ನ ಹುಡುಗರು ಹೇಳಿಕೊಟ್ಟಿದ್ದಲ್ಲ, ಸುಮ್ಮನೆ ಬಾಯಿಗೆ ಬಂತು. ನೀವು ನಂಬದಿದ್ರೆ ಬಿಡಿ."

"ನಂಬ್ತೀನಿ."

ಅವರು ಡಾಕ್ಟರ ಕೋಟಿನ ಕಾಲರಿನಲ್ಲಿ ಸರಿದಿದ್ದ ಮೈಕನ್ನು ನೆಟ್ಟಗೆ ಮಾಡಿದರು. ಅಣ್ಣನೊಬ್ಬ ತಂಗಿಗೆ ಮಾಡುವ ಹಾಗೆ.

ಮೈಕು. ಅದು ಆನ್ ಇದ್ದಿದ್ದರೆ ಆ ಮಾತು ರೆಕಾರ್ಡ್ ಆಗಿರಬೇಕು ಎಂದು ಸ್ಮರಾಂಡಾಗೆ ಹೊಳೆಯಿತು.

ಉಳಿದ ಅರ್ಧದಲ್ಲಿ ಡಾಕ್ಟರು ಪಾಠವನ್ನೆಲ್ಲ ಬಿಟ್ಟುಬಿಟ್ಟರು. ಅಧ್ಯಕ್ಷರು ಕೇಳಿದ್ದಕ್ಕೆಲ್ಲ ಅವರ ಮುಖ ನೋಡಿ ಉತ್ತರ ಕೊಟ್ಟರು, ಎರಡು ಕಡೆ ತಡವರಿಸಿದರು, ಒಂದು ಕಡೆ ಅವರನ್ನೇ ನಗಿಸಿದರು. ಚೆನ್ನಾಗಿಯೇ ಮಾತಾಡಿದರು. ಆದರೆ ಕೇಳುವವರು ಉಳಿದಿದ್ದರೇ? ಪ್ರತಿ ಸಲ ಗೊರುನ್ ಬಾಯಿ ತೆರೆದಾಗಲೂ, ಈಗ ಹೇಳುತ್ತಾರೆ, ಡಾಕ್ಟರು ಬ್ರೇಕಿನಲ್ಲಿ ಬಂದು ಮರುನುಡಿದರು ಎಂದು ಈಗ ಹೇಳುತ್ತಾರೆ ಎಂದು ಸ್ಮರಾಂಡಾ ಕಾದಳು. ಅವರು ಹೇಳಲಿಲ್ಲ.

ಕಾರ್ಯಕ್ರಮ ಮುಗಿಯುತ್ತಲೇ ಅವಳು ಧ್ವನಿ ನೋಡಿಕೊಳ್ಳುವ ಪಿಂತ್ಯನ ಕೋಣೆಗೆ ನುಗ್ಗಿದಳು.

"ಅಣ್ಣಾ, ಬ್ರೇಕಿನಲ್ಲಿ ಮೈಕು ಆನ್ ಇರುತ್ತಲ್ಲ? ರೆಕಾರ್ಡ್ ಆಗಿರುತ್ತಲ್ಲ? ಒಂದೇ ಒಂದು ವಾಕ್ಯ ಸಾಕು."

"ಇಲ್ಲಮ್ಮ. ಬ್ರೇಕ್ ಬಂದ ಕೂಡಲೆ ನಾನು ಎಲ್ಲರ ಮೈಕೂ ಮುಚ್ಚಿಬಿಡ್ತೀನಿ."

"ಯಾಕೆ? ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳಿಲ್ಲ. ಪಾಪ, ಅಲ್ಲಿ ಕೂತೋರು ಅಳ್ತಾರೆ, ಹೆಂಡ್ತಿ ಹತ್ರ ಜಗಳ ಆಡ್ತಾರೆ. ಅದನ್ನೆಲ್ಲ ನಾವು ಕೇಳಬಾರದು."

ಅವಳ ಮುಖ ನೋಡಿ ಅವನು ಎದ್ದು ತನ್ನ ಕುರ್ಚಿ ಸರಿಸಿಕೊಟ್ಟ. ಅವಳು ಕೂರಲಿಲ್ಲ. ಗಾಜಿನಾಚೆ ಅಧ್ಯಕ್ಷರು ಹೊರಟಿದ್ದು ಕಂಡಿತು. ಓಡಿದಳು. ಕಾವಲಿನವನು ತೋಳು ಅಡ್ಡ ಹಿಡಿದ. ಗೊರುನ್, "ಬಿಡಪ್ಪ, ಡಾಕ್ಟರ ಕಡೆಯ ಹುಡುಗಿ" ಎಂದು ನಿಂತರು.

"ಅಧ್ಯಕ್ಷರೇ, ಹೊರಗೆ ಪತ್ರಕರ್ತರಿದ್ದಾರೆ. ಬ್ರೇಕಿನಲ್ಲಿ ಡಾಕ್ಟ್ರು ಉತ್ತರ ಕೊಟ್ರು ಅಂತ ನೀವೊಂದು ಮಾತು ಹೇಳಿ. ನಾನು ಹೇಳಿದ್ರೆ ಯಾರೂ ನಂಬಲ್ಲ, ಅವರು ಹೇಳೋಕೆ ಬಿಡೋದೂ ಇಲ್ಲ. ತಪ್ಪು ನಂದು. ಏನಂದ್ರೂ ಉತ್ತರ ಕೊಡಬೇಡಿ ಅಂತ ಕಲಿಸಿದ್ದು ನಾನು."

"ಅದನ್ನ ಹೊರಗೆ ಹೇಳಬೇಡಿ. ಹೇಳಿಕೊಟ್ಟಿದ್ದನ್ನ ಒಪ್ಪಿಸೋ ಹೆಂಗಸು ಅಂತಾರೆ, ಅವರಿಗೆ ಇನ್ನೂ ಕೆಡುಕು."

"ಹಾಗಾದ್ರೆ ನೀವೇ ಹೇಳಿ. ನಿಮಗೇನೂ ಖರ್ಚಿಲ್ಲ."

"ಖರ್ಚಿದೆ. ನಿಮಗೂ ಗೊತ್ತು." ಗೊರುನ್ ಅವಳನ್ನು ನೋಡಿದರು. ಆ ನೋಟದಲ್ಲಿ ಗೆದ್ದವರ ಗತ್ತು ಇರಲಿಲ್ಲ. "ನೀವು ನನ್ನ ಕಡೆ ಕೆಲಸ ಮಾಡ್ತಿದ್ರೆ, ಮಗಳೇ, ಈಗ ನನಗೆ ಏನು ಹೇಳಿಕೊಡ್ತಿದ್ರಿ?"

ಸುಳ್ಳು ಹೇಳಬಹುದಿತ್ತು. ರುಕ್ಸಾಂಡ್ರಾಳ ಊದಿದ ಕಾಲು, ಲುಂಕಾದ ಆ ಹಾಳು ದಾರಿ, ಎಲ್ಲ ಕಣ್ಣ ಮುಂದಿತ್ತು. ಆದರೂ ಬಾಯಿಗೆ ಬಂದದ್ದು ನಿಜವೇ.

"ಸುಮ್ಮನಿರಿ ಅಂತಿದ್ದೆ."

ಗೊರುನ್ ತಲೆಯಾಡಿಸಿದರು. ಅವಳ ಭುಜ ಒಮ್ಮೆ ಮುಟ್ಟಿ, ದೀಪಗಳ ಕಡೆ ನಡೆದುಹೋದರು. ಹೊರಗೆ ಪ್ರಶ್ನೆಗಳು ಒಟ್ಟಿಗೆ ಎದ್ದವು. ಅವರು ರಸ್ತೆಗಳ ಬಗ್ಗೆ, ಪಿಂಚಣಿ ಬಗ್ಗೆ ಮಾತಾಡಿದರು. ಸ್ಮರಾಂಡಾ ಗೋಡೆಗೊರಗಿ ಕೊನೆಯ ಮಾತಿನವರೆಗೂ ಕೇಳಿದಳು.

ಹಿಂಬಾಗಿಲಲ್ಲಿ ಕಾರು ನಿಂತಿತ್ತು. ಡಾಕ್ಟರು ಶೂ ಬಿಚ್ಚಿ ಕಾಲು ತಿಕ್ಕಿಕೊಳ್ಳುತ್ತಿದ್ದರು. ಅವಳು ಕೇಳಿಕೊಂಡದ್ದು, ಸಿಗದೆ ಹೋದದ್ದು, ಎರಡೂ ಅವಳ ಮುಖದಲ್ಲೇ ಕಂಡಿರಬೇಕು. ಸೀಟಿನ ಮೇಲಿದ್ದ ಕೋಟು ತೆಗೆದು ತೊಡೆಯ ಮೇಲಿಟ್ಟುಕೊಂಡು ಜಾಗ ಮಾಡಿದರು.

"ನಾಳೆ ಬೆಳಿಗ್ಗೆ ಲುಂಕಾಗೆ ಹೋಗೋಣ. ಸೆವಾಸ್ತಿಯ ಮನೆಯಿಂದ ಶುರು ಮಾಡ್ತೀನಿ."

"ಅವಳು ಬಾಗಿಲು ತೆಗೆಯಲ್ಲ ಅಕ್ಕ. ಓಟಿಗೆ ಉಳಿದಿರೋ ಒಂದು ದಿನದಲ್ಲಿ ಎಷ್ಟು ಮನೆ ಆಗುತ್ತೆ?"

"ಹೇಗೂ ನಿನ್ನ ತಂಗಿಗೆ ಬಿಪಿ ನೋಡಬೇಕು. ಕಾರು ಹತ್ತು. ಬಾಗಿಲು ಹಾಕು, ಗಾಳಿ ಹೊಡೆಯುತ್ತೆ."